ಗಿರಿಜಳ ಜೀಪು ಕುಡಿದ ನೀರು

ಗ್ಯಾರೇಜಿನ ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಟ್ಟು ಮನೆಗೆ ಬಂದ ಮೇಲೆ ಇದು ಎರಡನೇ ಮಳೆಗಾಲ. ಈಗಲೂ ಪೇಟೆಗೆ ಹೋದಾಗ ಯಾವುದಾದರೂ ಹಳೇ ಗಾಡಿ ಬಾನೆಟ್ ಎತ್ತಿಕೊಂಡು ಆವಿ ಬಿಡುತ್ತ ನಿಂತಿದ್ದರೆ ನನ್ನ ಕಾಲು ತಾನಾಗಿ ಅತ್ತ ತಿರುಗುತ್ತದೆ. ಹೆಂಡತಿ ಸಂತೆ ಚೀಲ ಹಿಡಿದುಕೊಂಡು, "ನೀವ್ ಬರದು ತಡ ಆಗುತ್ತೆ, ನಾ ಬಸ್ ಹತ್ತಿ ಹೋಗ್ತೀನಿ" ಎಂದು ಮುಂದೆ ನಡೆಯುತ್ತಾಳೆ. ಅವಳದೇನೂ ತಪ್ಪಿಲ್ಲ.

ಈಚೆಗೆ ಈ ಕೆಲಸಕ್ಕೆ ಸೇರಿದ ಹುಡುಗರು, ಅವರ ಜೊತೆ ಒಬ್ಬಿಬ್ಬರು ಹುಡುಗಿಯರೂ, ಮನೆಗೆ ಬಂದು "ವಾಸಣ್ಣ, ನಿಮ್ ಕಾಲದಲ್ಲಿ ಹೆಂಗಿತ್ತು?" ಎಂದು ಕೇಳುತ್ತಾರೆ. ಸಾಗರದಲ್ಲಿ ಕಲಿತೆ, ತೀರ್ಥಹಳ್ಳಿಯಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿದೆ, ಹೊಸನಗರದಲ್ಲಿ ಸ್ವಂತ ಗ್ಯಾರೇಜು ಇಟ್ಟು ಮುದುಕನಾದೆ. ನನ್ನ ಚರಿತ್ರೆ ಅಷ್ಟೇ, ಅದನ್ನು ಬರೆದು ಯಾರಿಗೂ ಲಾಭವಿಲ್ಲ. ಆದರೆ ಎಂಜಿನ್ ಕಾಯುವುದು, ನೀರು ಮಾಯವಾಗುವುದು, ಇವೆರಡರ ಬೆನ್ನು ಹತ್ತಿಯೇ ನನ್ನ ಅರ್ಧ ಆಯುಷ್ಯ ಕಳೆಯಿತು. ಆ ಓಟದ ನಾಲ್ಕು ಮಾತು ಬರೆದಿಟ್ಟರೆ ನೀವು ಕೈ ಸುಟ್ಟುಕೊಳ್ಳುವುದು ಒಂದಿಷ್ಟು ಕಡಿಮೆಯಾದೀತು.

ಸಾಗರದಲ್ಲಿ ನಾನು ಕಲಿತದ್ದು ಖಾಸಗಿ ಬಸ್ಸಿನವರ ಶೆಡ್ಡಿನಲ್ಲಿ. ಅಲ್ಲಿನ ಮೇಸ್ತ್ರಿ ಅಂತೋಣಿ. ಮನುಷ್ಯ ಚಿನ್ನದಂಥವನು, ಬಾಯಿ ಮಾತ್ರ ಹರಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳಕ್ಕೆ ಯಾರಾದರೂ ಕೈ ಹಾಕಿದರೆ, ಆವಿಗಿಂತ ಮೊದಲು ಅವನ ಏಟು ಕೈಗೆ ಬೀಳುತ್ತಿತ್ತು. "ಬಿಸಿ ಗಾಡಿಗೂ ಬಿಸಿ ತಲೆಗೂ ಟೀ ಕುಡ್ದು ಬಂದ್ಮೇಲೇ ಕೈ ಹಚ್ಬೇಕು ಮಾರಾಯ" ಎಂದು ಬೈದು, ತಾನೇ ಹೋಟೆಲಿಗೆ ಕರೆದುಕೊಂಡು ಹೋಗುತ್ತಿದ್ದ. ಗಾಡಿ ತಣ್ಣಗಾಗುವ ತನಕ ಪಾಠ. "ನೀರು ಹೋಗಕ್ಕೆ ಮೂರೇ ದಾರಿ ಇರದು. ಹೊರಗೆ ಸೋರ್ತದೆ, ಇಲ್ಲಾ ಎಂಜಿನ್ನೇ ಒಳಗೆ ಕುಡೀತದೆ, ಇಲ್ಲಾ ನೀನು ತುಂಬಿದೀನಿ ಅಂದಿದ್ದೇ ಸುಳ್ಳು."

ಇವತ್ತಿಗೂ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಹೊರಗೆ ಸೋರಿದರೆ ಪೈಪು, ವಾಟರ್ ಪಂಪಿನ ಹೊಟ್ಟೆಯ ಕೆಳಗಿನ ಸಣ್ಣ ತೂತು, ಮುಚ್ಚಳದ ರಬ್ಬರು ನೋಡಬೇಕು. ಒಳಗೆ ಕುಡಿದರೆ ಹೊಗೆ ಬೆಳ್ಳಗಾಗುತ್ತದೆ, ಇಲ್ಲವೇ ಆಯಿಲ್ಲು ಕಡೆದ ಮಜ್ಜಿಗೆಯಂತೆ ಕಾಣುತ್ತದೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಮೇಲೆ ನೀರು ತುಂಬಿದಂತೆ ಕಾಣುತ್ತದೆ, ಒಳಗೆ ಟೊಳ್ಳು. ಎಂಜಿನ್ ಚಾಲೂ ಆಗಿ ಆ ಗಾಳಿ ಹೊರಟ ಮೇಲೆ ನೀರು ಇಳಿಯುತ್ತದೆ, ಯಜಮಾನ ಬಂದು ನಿಮ್ಮ ಮೇಲೆ ಹಾರಾಡುತ್ತಾನೆ.

ಇಷ್ಟೆಲ್ಲ ಬಲ್ಲ ಅಂತೋಣಿಯೂ ಒಮ್ಮೆ ಬೇಸ್ತು ಬಿದ್ದ. ನಮ್ಮ ಕಡೆ ಮಳೆಗಾಲದಲ್ಲಿ ಎಂಜಿನ್ ಕಾಯುವುದೇ ಕಷ್ಟ, ತಣ್ಣಗಿನ ಎಂಜಿನ್ ಡೀಸೆಲ್ಲನ್ನು ಲೆಕ್ಕವಿಲ್ಲದೆ ಕುಡಿಯುತ್ತದೆ. ಅದಕ್ಕೆ ಅವನು ಬಸ್ಸುಗಳ ರೇಡಿಯೇಟರ್ ಮುಂದೆ ಗೋಣಿಚೀಲ ಕಟ್ಟಿಸುತ್ತಿದ್ದ. ಒಂದು ವರ್ಷ ಬೇಸಿಗೆ ಬಂದರೂ ಹುಂಚಕ್ಕೆ ಹೋಗುವ ಬಸ್ಸಿನ ಗೋಣಿ ಬಿಚ್ಚಲು ಎಲ್ಲರಿಗೂ ಮರೆತುಹೋಯಿತು. ಬಸ್ಸು ಏರು ಹತ್ತುವಾಗ ಕುದಿಯತೊಡಗಿತು. ಅಂತೋಣಿ ಪಂಪು ಬಿಚ್ಚಿದ, ಬೆಲ್ಟು ಬದಲಿಸಿದ, ಡ್ರೈವರಿಗೆ ಬೈದ, ಕೊನೆಗೆ ನನ್ನನ್ನು ಕರೆದುಕೊಂಡು ತಾನೇ ಬಸ್ಸು ಹತ್ತಿದ. ಏರಿನಲ್ಲಿ ಮತ್ತೆ ನಿಂತಿತು. ಕೋಳಿ ಬುಟ್ಟಿ ಹಿಡಿದ ಹೆಂಗಸೊಬ್ಬಳು ಕೆಳಗಿಳಿದು ಬಂದು, "ಈ ಗೋಣಿ ಹಂಗೇ ನೇತಾಡ್ತಾ ಅದೆಯಲ್ಲ, ಬಿಸ್ಲಿಗೆ ನನ್ ಕೋಳಿ ಬಾಯಿ ಬಿಡ್ತಾವೆ, ತಗಂಡು ಮುಚ್ಲಾ?" ಎಂದಳು. ಅಂತೋಣಿ ಸಿಟ್ಟಿನಲ್ಲೇ "ತಗಂಡ್ ಹೋಗವ್ವ" ಎಂದ. ಆ ಗೋಣಿ ಹೋದ ಮೇಲೆ ಬಸ್ಸು ಹುಂಚದ ತನಕ ಎಲ್ಲೂ ನಿಲ್ಲಲಿಲ್ಲ. ಇಳಿಯುವಾಗ ಅಂತೋಣಿ ನನ್ನ ಕಿವಿ ಹಿಂಡಿ, "ಶೆಡ್ಡಲ್ಲಿ ಬಾಯಿ ಬಿಟ್ಯೋ, ನೋಡು" ಎಂದ. ಅವನು ಬದುಕಿರುವ ತನಕ ನಾನು ಬಾಯಿ ಬಿಡಲಿಲ್ಲ.

ತೀರ್ಥಹಳ್ಳಿಗೆ ಬಂದ ಮೇಲೆ ಕಂಡದ್ದು ಮನೆಮದ್ದಿನ ಹಾವಳಿ. ಸಣ್ಣ ಸೋರಿಕೆಗೆ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ಆಗ ಎಲ್ಲ ಡ್ರೈವರುಗಳಿಗೂ ಗೊತ್ತಿದ್ದ ಉಪಾಯ. ಪುಡಿ ಹೋಗಿ ತೂತಿಗೆ ಕೂರುತ್ತದೆ, ಹತ್ತಿರದ ಗ್ಯಾರೇಜಿನ ತನಕ ಗಾಡಿ ಬರುತ್ತದೆ. ಕೆಳದಿ ಕಡೆಯ ಹೆಗಡೆಯವರೊಬ್ಬರು ನೆಂಟರ ಮನೆಗೆಂದು ಬಂದವರು ಕಾರನ್ನು ಎಳೆಸಿಕೊಂಡು ನಮ್ಮಲ್ಲಿಗೆ ಬಂದರು. ಮುಚ್ಚಳ ತೆಗೆದರೆ ಹಬ್ಬದ ಅಡುಗೆಮನೆಯ ಪರಿಮಳ. "ಎಂತ ಮಾಡದು ವಾಸಣ್ಣ, ಒಂದು ಚಮಚ ಹಾಕಿದ್ರೆ ಸೋರದು ನಿಂತ್ತು. ಇನ್ನೂ ಹಾಕಿದ್ರೆ ಇನ್ನೂ ಚೊಲೋ ಅಕ್ಕು ಹೇಳಿ ಡಬ್ಬಿ ಪೂರ್ತಿ ಸುರುವಿದಿ" ಎಂದರು. ಒಳಗಿನ ಕೊಳವೆಗಳೆಲ್ಲ ಕಟ್ಟಿಕೊಂಡು ಎಂಜಿನ್ ಕುದ್ದುಹೋಗಿತ್ತು. "ಹೆಗಡೇರೇ, ಒಗ್ಗರಣೆ ಒಂದು ಬಾಕಿ ಇತ್ತು" ಎಂದೆ. ಅವರು ನನಗಿಂತ ಜೋರಾಗಿ ನಕ್ಕರು. ನಕ್ಕವರ ಗಾಡಿ ರಿಪೇರಿ ಮಾಡುವುದು ಸುಲಭ, ಸಿಡುಕಿನವರು ನಿಂತಲ್ಲೇ ನಿಂತು ಕೆಲಸ ಕೆಡಿಸುತ್ತಾರೆ.

ಕಾಲ ಕಳೆದ ಹಾಗೆ ಪದ್ಧತಿ ಬದಲಾಯಿತು. ನಾವು ಕಿವಿಯಲ್ಲಿ ಕೇಳಿ, ಮೂಗಿನಲ್ಲಿ ಮೂಸಿ ಹುಡುಕುತ್ತಿದ್ದೆವು. ಆಮೇಲೆ ಮುಚ್ಚಳದ ಜಾಗಕ್ಕೆ ಕೂರಿಸಿ ಗಾಳಿ ತುಂಬುವ ಪ್ರೆಷರ್ ಮೀಟರು ಬಂತು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ರೇಡಿಯೇಟರೂ ಬದಲಾಯಿತು. ಹಿಂದಿನದು ಹಿತ್ತಾಳೆಯದು, ಭಾರ, ತೂತು ಬಿದ್ದರೆ ಬೆಸುಗೆ ಹಾಕಬಹುದಿತ್ತು. ಈಗಿನದು ಅಲ್ಯೂಮಿನಿಯಂ, ಹಗುರ, ಬೇಗ ತಣಿಸುತ್ತದೆ, ಆದರೆ ಅದರ ಕೊಳವೆಯ ಚರ್ಮ ಬಹಳ ತೆಳು. ಹೊಸದನ್ನು ಬೈಯುವ ಮುದುಕ ನಾನಲ್ಲ. ಮೀಟರು ಬಂದಾಗ ಮೊದಲು ಕುಣಿದವನು ನಾನೇ.

ಆ ಮೀಟರಿಗೂ ಸಿಕ್ಕದ ಗಾಡಿಯೊಂದು ಹೊಸನಗರದ ನನ್ನ ಗ್ಯಾರೇಜಿಗೆ ಬಂತು. ಅದೇ ಗಿರಿಜಳ ಜೀಪು.

ಗಿರಿಜ ಮಾಸ್ತಿಕಟ್ಟೆ ಕಡೆಯವಳು. ಜೀಪು ಅವಳ ಅಪ್ಪನದು. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಅವಳು ಸ್ಟಿಯರಿಂಗ್ ಹಿಡಿದಳು. ಬೆಳಿಗ್ಗೆ ಸಂಜೆ ಗುಡ್ಡದ ಮೇಲಿನ ಮನೆಗಳ ಮಕ್ಕಳನ್ನು ಕೆಳಗಿನ ಶಾಲೆಗೆ ಬಿಟ್ಟು ತರುವುದು ಅವಳ ಮುಖ್ಯ ಕೆಲಸ. ರಜೆಯ ದಿನ ಮತ್ತು ನಡುವಿನ ಹೊತ್ತಿನಲ್ಲಿ ಅಡಿಕೆಗೆ ಔಷಧಿ ಹೊಡೆಯುವ ಗುಂಪನ್ನು ಡ್ರಮ್ಮು ಕ್ಯಾನುಗಳ ಸಮೇತ ಒಂದು ತೋಟದಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಳು.

ಆ ವರ್ಷ ಜೀಪು ಏರಿನಲ್ಲಿ ಆವಿ ಎಬ್ಬಿಸಿ ನಿಲ್ಲತೊಡಗಿತು. ಮಕ್ಕಳು ಮಳೆಯಲ್ಲಿ ನಡೆದು ಮನೆ ಸೇರಿದರು. ತಂದೆತಾಯಿಗಳು ಸಭೆ ಸೇರಿ, ಇನ್ನೊಂದು ಸಲ ನಿಂತರೆ ಪೇಟೆಯ ವ್ಯಾನು ಗೊತ್ತು ಮಾಡುತ್ತೇವೆ ಎಂದರು. ಪೇಟೆಯ ವ್ಯಾನು ಟಾರು ರಸ್ತೆ ಬಿಟ್ಟು ಮೇಲೆ ಬರುವುದಿಲ್ಲ. ಮಣ್ಣು ರಸ್ತೆಯ ಕೊನೆಯ ಮನೆಗಳ ಮಕ್ಕಳಿಗೆ ಶಾಲೆ ಕಷ್ಟ, ಗಿರಿಜಳಿಗೆ ಬದುಕು ಕಷ್ಟ.

"ವಾಸಣ್ಣ, ಸೋಮವಾರ ಮಕ್ಳನ್ನ ಹತ್ತಿಸ್ಕಬೇಕು. ಅವತ್ತೂ ನಿಂತ್ರೆ ನಂದು ಮುಗೀತು, ಮಾರಿಬಿಡ್ತೀನಿ" ಎಂದಳು. "ಒಂದೇ ವರ್ಷದಲ್ಲಿ ಎರಡು ರೇಡಿಯೇಟರ್ ಹಾಕ್ಸಾಯ್ತು. ಹೆಡ್ ಬಿಚ್ಚಿ ಗ್ಯಾಸ್ಕೆಟ್ಟೂ ಹಾಕ್ಸಾಯ್ತು. ಎಲ್ರೂ ಹೇಳದು ಒಂದೇ. ಹೆಂಗಸ್ರಿಗೆ ಘಟ್ಟದಲ್ಲಿ ಗೇರ್ ಹಾಕಕ್ಕೆ ಬರಲ್ಲ, ಎಂಜಿನ್ ಎಳ್ದು ಎಳ್ದು ಸುಡ್ತಾಳೆ ಅಂತ. ಈಗೀಗ ನಂಗೂ ಹಂಗೇ ಅನ್ನಿಸ್ತದೆ."

ಈ ಕೊನೆಯ ಮಾತು ಕೇಳಿ ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ತಮಗೆ ಗೊತ್ತಾಗದ್ದನ್ನು ಡ್ರೈವರಿನ ತಲೆಗೆ ಕಟ್ಟುವ ಚಾಳಿ ನಮ್ಮ ಕಸುಬಿಗೆ ಅಂಟಿದ ದೊಡ್ಡ ರೋಗ.

ಮೀಟರು ಹಚ್ಚಿದೆ. ತಣ್ಣಗಿರುವಾಗ ಮುಳ್ಳು ಅಲ್ಲಾಡಲಿಲ್ಲ. ಕೆಳಗೆ ಒಂದು ಹನಿ ಇಲ್ಲ, ಹೊಗೆ ಸರಿಯಿದೆ, ಆಯಿಲ್ಲು ಶುದ್ಧ. ಎಂಜಿನ್ ಬಿಸಿ ಮಾಡಿ, ಆರಿಸಿ, ರೇಡಿಯೇಟರಿನ ಹಿಂಬದಿಗೆ ಮುಖಕ್ಕೆ ಹಚ್ಚುವ ಪೌಡರು ಉದುರಿಸಿದೆ. ಗಿರಿಜ "ಇದಕ್ಕೂ ಮದ್ವೆ ಮಾಡ್ತೀರಾ?" ಎಂದಳು. ಸ್ವಲ್ಪ ಹೊತ್ತಿಗೆ ಬಿಳೀ ಪೌಡರಿನ ಮೇಲೆ ಸಾಸಿವೆಯಷ್ಟು ಸಣ್ಣ ಒದ್ದೆ ಚುಕ್ಕೆಗಳು ಎದ್ದವು. ಲೋಹ ಕಾದಾಗ ಮಾತ್ರ ಬಾಯಿ ತೆರೆಯುವ ತೂತುಗಳು. ಓಡುವಾಗ ಅವುಗಳಿಂದ ನೀರು ಮಂಜಿನಂತೆ ಚಿಮ್ಮಿ, ಬಿಸಿ ಎಂಜಿನ್ನಿನ ಮೇಲೆ ಬಿದ್ದು ಅಲ್ಲೇ ಆರುತ್ತಿತ್ತು. ನೆಲಕ್ಕೆ ಹನಿ ಬೀಳುವುದಾದರೂ ಹೇಗೆ?

ಇಲ್ಲಿಗೆ ಮೂರನೇ ರೇಡಿಯೇಟರ್ ಹಾಕಿ ಕಳಿಸಬಹುದಿತ್ತು. ಹುಡುಗರೇ, ಇಲ್ಲೇ ನೀವು ಒಂದು ಗಳಿಗೆ ನಿಲ್ಲಬೇಕು. ಹೊಸ ಸಾಮಾನು ಯಾಕೆ ಸತ್ತಿತು ಎಂದು ತಿಳಿಯದೆ ಇನ್ನೊಂದು ಹೊಸದನ್ನು ಹಾಕಿದರೆ ಅದೂ ಸಾಯುತ್ತದೆ. ನಾನು ಟಾರ್ಚು ಹಿಡಿದು ನೋಡಿದೆ. ತೂತುಗಳ ಸುತ್ತ ನೀಲಿ ಹಸಿರು ಬಣ್ಣದ ಕಿಟ್ಟ ಕಟ್ಟಿತ್ತು. ರೇಡಿಯೇಟರ್ ನೀರಿಗೆ ಬೆರೆಸುವ ಬಣ್ಣದ ಕೂಲಂಟ್ ಒಣಗಿರಬೇಕು ಎಂದುಕೊಂಡು ಯಾವ ಬ್ರಾಂಡು ಹಾಕುತ್ತೀ ಎಂದು ಕೇಳಿದೆ.

"ಕೂಲಂಟ್ ಎಲ್ಲಿಂದ ವಾಸಣ್ಣ? ದಿನಾ ಸೋರದಕ್ಕೆ ಅದನ್ನ ಹಾಕ್ಕಂಡ್ ಕೂತ್ರೆ ಆಗುತ್ತಾ? ಬರೀ ನೀರೇ."

ಬರೀ ನೀರಿಗೆ ನೀಲಿ ಬಣ್ಣ ಎಲ್ಲಿಂದ ಬಂತು? ಅವಳ ಮನೆಯದು ಬಾವಿ ನೀರು, ಕುಡಿಯುವಂಥದ್ದು. ನನಗೆ ತಲೆ ಓಡಲಿಲ್ಲ. "ನಾಳೆ ಶನಿವಾರ ಗಾಡಿ ಜೊತೆ ನಾನೂ ಬರ್ತೀನಿ" ಎಂದೆ. ಗಾಡಿಯ ಕಾಯಿಲೆ ಗ್ಯಾರೇಜಿನಲ್ಲಿ ಕಾಣದಿದ್ದರೆ ಅದರ ದಿನಚರಿ ನೋಡಬೇಕು.

ಆ ಶನಿವಾರ ಶಾಲೆಗೆ ರಜೆ, ಔಷಧಿಯವರ ಟ್ರಿಪ್ಪು ಮಾತ್ರ. ಆ ಗುಂಪಿಗೆ ಹಿರಿಯ ಈರಣ್ಣ. ಗಿರಿಜಳ ಅಪ್ಪನ ಕಾಲದಿಂದ ಇದೇ ಜೀಪಿನಲ್ಲಿ ತಿರುಗಿದವನು, ಅವಳನ್ನು ಮಗಳಂತೆ ಕಾಣುತ್ತಿದ್ದ. ಮಳೆ ಬಿಟ್ಟ ಹೊತ್ತು ನೋಡಿ ಒಂದು ತೋಟದ ದಾರಿಬದಿಯಲ್ಲಿ ಜೀಪು ನಿಲ್ಲಿಸಿದೆವು. ಈರಣ್ಣ ಒಂದು ಕ್ಯಾನಿನಲ್ಲಿ ಮೈಲುತುತ್ತ ಕರಗಿಸಿದ, ಇನ್ನೊಂದರಲ್ಲಿ ಸುಣ್ಣ ಕದಡಿದ. ಎರಡನ್ನೂ ಡ್ರಮ್ಮಿಗೆ ಸುರಿದು ಬೋರ್ಡೋ ದ್ರಾವಣ ಮಾಡಿದ. ನಮ್ಮ ಕಡೆ ಕೊಳೆ ರೋಗಕ್ಕೆ ಅದೇ ಮದ್ದು. ಸೊಂಟದ ಕತ್ತಿ ತೆಗೆದು ದ್ರಾವಣಕ್ಕೆ ಅದ್ದಿ, ಬೆಳಕಿಗೆ ಹಿಡಿದು ನೋಡಿದ. ಇನ್ನೊಂದಿಷ್ಟು ಸುಣ್ಣ ಹಾಕಿದ. ಆಮೇಲೆ ಗುಂಪು ತೋಟಕ್ಕೆ ಇಳಿಯಿತು.

ಕೆಲಸ ಮುಗಿಯುವ ಹೊತ್ತಿಗೆ ಗಿರಿಜ ಮುಂದಿನ ಬಾಡಿಗೆ ಮಾತಾಡಲು ತೋಟದವರ ಮನೆಗೆ ಹೋದಳು. ನಾನು ಜೀಪಿನ ಎದುರಿಗಿದ್ದ ದಾರಿಬದಿಯ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಈರಣ್ಣ ತುತ್ತದ ಕ್ಯಾನಿಗೆ ಹಳ್ಳದ ನೀರು ತುಂಬಿ ಕುಲುಕಿದ. ಬಾನೆಟ್ ಎತ್ತಿದ. ತಣ್ಣಗಿದ್ದ ಮುಚ್ಚಳ ತಿರುಗಿಸಿ, ಕ್ಯಾನು ಬಗ್ಗಿಸಿ, ಬಹಳ ಜೋಪಾನವಾಗಿ ರೇಡಿಯೇಟರಿಗೆ ನೀರು ಹಾಕತೊಡಗಿದ. ಕ್ಯಾನಿನ ಒಳಮೈ ನೀಲಿಗಟ್ಟಿತ್ತು.

"ಈರಣ್ಣ, ಅದೆಂಥ ನೀರು?" ಎಂದೆ.

"ಹಳ್ಳದ ನೀರು ಕಣ್ರಿ. ಹೆಂಗೂ ಕ್ಯಾನ್ ತೊಳೀಬೇಕಲ್ಲ, ಚೆಲ್ಲದು ಯಾಕೆ? ಗಾಡೀನೂ ಕುಡ್ಕಳ್ಲಿ. ಗಿರಿಜಂಗೆ ಒಂದ್ ಕೆಲ್ಸ ಕಮ್ಮಿ."

"ದಿನಾ ಹಾಕ್ತೀಯಾ?"

"ಔಷಧಿ ಹೊಡ್ಯೋ ದಿನ ಎಲ್ಲ ನಂದೇ ಈ ಕೆಲ್ಸ. ಅವರಪ್ಪ ಗಾಡಿ ಓಡಿಸ್ತಿದ್ದಾಗ್ಲಿಂದ್ಲೂ. ಒಂದೊಂದ್ಸಲ ಸುಣ್ಣದ ಕ್ಯಾನು ಸಿಕ್ಕಿದ್ರೆ ಅದ್ರಲ್ಲೇ ಹಾಕದು."

ನಾನು ಕಟ್ಟೆಯಿಂದ ಕೆಳಗಿಳಿದೆ. ಬೈಯುವ ಮನಸ್ಸಾಗಲಿಲ್ಲ. ಅಷ್ಟು ಪ್ರೀತಿಯಿಂದ ನೀರು ಹಾಕುತ್ತಿದ್ದವನಿಗೆ ಬೈಯುವುದು ಹೇಗೆ? ಅದಕ್ಕೆ ಅವನ ಕಸುಬಿನ ಮಾತನ್ನೇ ತೆಗೆದೆ. "ಬೆಳಿಗ್ಗೆ ದ್ರಾವಣಕ್ಕೆ ಕತ್ತಿ ಅದ್ದಿ ನೋಡಿದ್ಯಲ್ಲ, ಅದ್ಯಾಕೆ?"

"ಕತ್ತಿ ಕೆಂಪಾದ್ರೆ ತುತ್ತ ಜಾಸ್ತಿ ಆಗದೆ ಅಂತ. ಹಂಗೇ ಹೊಡೆದ್ರೆ ಎಳೇ ಕಾಯಿ ಸುಟ್ಟೋಗ್ತದೆ."

"ಪ್ಲಾಸ್ಟಿಕ್ ಕ್ಯಾನೇ ಯಾಕೆ ಇಟ್ಕಂಡಿದೀಯ? ಮನೇಲಿ ಅಲ್ಯೂಮಿನಿಯಂ ಪಾತ್ರೆ ಇರಲ್ವಾ?"

"ಅಲ್ಯೂಮಿನಿಯಂ ಪಾತ್ರೇಲಿ ತುತ್ತ ಇಟ್ರೆ ಉಳೀತದಾ? ತಿಂದು ತಿಂದು ತೂತ್..." ಎಂದವನು ಅಲ್ಲಿಗೇ ನಿಲ್ಲಿಸಿದ. ಕೈಯಲ್ಲಿದ್ದ ಕ್ಯಾನನ್ನು ನೋಡಿದ, ರೇಡಿಯೇಟರನ್ನು ನೋಡಿದ. "ಇದು ಹಿತ್ತಾಳೇದಲ್ವಾ?" ಎಂದು ಮೆಲ್ಲಗೆ ಕೇಳಿದ.

ಅವರಪ್ಪನ ಕಾಲದ್ದು ಹಿತ್ತಾಳೆಯದೇ. ಆ ಹಳೇ ರೇಡಿಯೇಟರು ದಪ್ಪ ಚರ್ಮದ್ದು, ತುತ್ತದ ನೀರನ್ನು ವರ್ಷಗಟ್ಟಲೆ ಹೇಗೋ ತಡೆದುಕೊಂಡು ಕೊನೆಗೆ ಮುದಿಯಾಗಿ ಹೋಗಿತ್ತು. ಅದರ ಜಾಗಕ್ಕೆ ಬಂದ ಎರಡೂ ಅಲ್ಯೂಮಿನಿಯಂ. ಹೊರಗಿನಿಂದ ಕಪ್ಪು ಬಣ್ಣ ಬಳಿದಿದ್ದರಿಂದ ಈರಣ್ಣನಿಗೆ ವ್ಯತ್ಯಾಸ ತಿಳಿದಿರಲಿಲ್ಲ. ಈರಣ್ಣ ಕ್ಯಾನು ಕೆಳಗಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತ.

ಗಿರಿಜ ಬಂದಾಗ ನಾನು ಹೇಳುವುದಕ್ಕೆ ಮೊದಲೇ ಅವನು ಬಾಯಿ ಬಿಟ್ಟ. "ಗಿರಿಜಾ, ನಿನ್ ಗಾಡಿ ಕೆಡ್ಸಿದ್ದು ನಾನೇ ಕಣವ್ವ. ತುತ್ತದ ನೀರು ಕುಡ್ಸಿ ಕೊಂದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಅವಳ ಮುಖ ಕೆಂಪಾಯಿತು. "ಒಂದು ಮಾತು ಕೇಳಕ್ಕೆ ಆಗಲ್ವಾ ಈರಣ್ಣ ನಿಂಗೆ? ಮಕ್ಳು ಮಳೇಲಿ ನಡ್ಕಂಡ್ ಹೋದ್ವಲ್ಲ" ಎಂದು ಗದರಿದಳು. ಆಮೇಲೆ ಅವಳು ನನ್ನ ಕಡೆ ತಿರುಗಿ, "ಹಂಗಾದ್ರೆ ವಾಸಣ್ಣ, ನಾನು ಓಡ್ಸದ್ರಲ್ಲಿ ತಪ್ಪಿಲ್ವಾ?" ಎಂದು ಕೇಳಿದಳು.

"ಬೆಳಿಗ್ಗೆಯಿಂದ ನಿನ್ ಗೇರು ನೋಡ್ತಾ ಇದೀನಿ. ನನ್ ಸರ್ವೀಸಲ್ಲಿ ನಿನ್ನಷ್ಟು ಹಿತವಾಗಿ ಏರು ಹತ್ತಿಸೋರು ಕಮ್ಮಿ" ಎಂದೆ. ಅದು ಮುಖಸ್ತುತಿಯಲ್ಲ, ನಿಜ. ಅವಳು ಬಂಪರ್ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಒಂದು ವರ್ಷದಿಂದ ಊರೆಲ್ಲ ಹೊರಿಸಿದ್ದ ಹೊರೆ ಅದು. ನನ್ನ ಕಣ್ಣೂ ಒದ್ದೆಯಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅತ್ತು ಮುಗಿದ ಮೇಲೆ ಅವಳೇ ಎದ್ದು ಈರಣ್ಣನ ಕಾಲ ಬಳಿಯಿದ್ದ ಆ ಕ್ಯಾನನ್ನು ಎತ್ತಿ ಜೀಪಿನ ಹಿಂದಕ್ಕೆ ಎಸೆದು, "ಹತ್ತು, ಮನೆಗೆ ಬಿಡ್ತೀನಿ" ಎಂದಳು.

ಭಾನುವಾರ ಗ್ಯಾರೇಜು ತೆರೆದೆ. ಬಿಚ್ಚಿದ ರೇಡಿಯೇಟರನ್ನು ಬೋರಲು ಹಾಕಿದರೆ ಸುಣ್ಣದ ಕೆಸರು ದೊಪ್ಪನೆ ಬಿತ್ತು. ನೀರು ತುಂಬಿದ್ದಾಗಲೂ ಎಂಜಿನ್ ಕಾಯುತ್ತಿದ್ದದ್ದು ಇದರಿಂದ, ಅರ್ಧ ಕೊಳವೆಗಳು ಕಟ್ಟಿದ್ದವು. ಒಂದು ರೋಗವೆಂದುಕೊಂಡದ್ದು ಎರಡಾಗಿತ್ತು. ಈರಣ್ಣ ಕರೆಯದೆಯೇ ಬಂದಿದ್ದ. ಬಾವಿಯಿಂದ ಕೊಡಗಟ್ಟಲೆ ಶುದ್ಧ ನೀರು ಸೇದಿ ತಂದ. ನಾನು ಎಂಜಿನ್ನಿನ ಒಳಗೆ ನೀರು ಹಾಯಿಸಿದಂತೆಲ್ಲ ಹೊರಬಂದ ನೀರನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ನೋಡಿ, "ಇನ್ನೂ ಬಣ್ಣ ಅದೆ, ಇನ್ನೊಂದ್ಸಲ ಬಿಡಿ" ಎನ್ನುತ್ತಿದ್ದ. ಅವನಿಗೆ ಸಮಾಧಾನವಾಗುವ ತನಕ ತೊಳೆದೆವು. ತೀರ್ಥಹಳ್ಳಿಯಿಂದ ತರಿಸಿದ ರೇಡಿಯೇಟರ್ ಕೂರಿಸಿ, ಕೂಲಂಟ್ ಬೆರೆಸಿದ ನೀರು ತುಂಬಿ, ಗಾಳಿ ಪೂರ್ತಿ ಹೋಗುವ ತನಕ ಎಂಜಿನ್ ಓಡಿಸಿದೆ.

ಸೋಮವಾರ ಬೆಳಿಗ್ಗೆ ಮಕ್ಕಳನ್ನು ಬಿಡುವಾಗ ಇಳಿಜಾರು, ಅದರಲ್ಲೇನೂ ಪರೀಕ್ಷೆಯಿಲ್ಲ. ಸಂಜೆಯ ಏರೇ ನಿಜವಾದ ಪರೀಕ್ಷೆ. ನಾನು ಮುಂದಿನ ಸೀಟಿನಲ್ಲಿ ಕೂತೆ. ಹಿಂದೆ ಮಕ್ಕಳು, ಚೀಲ, ಕೊಡೆ, ಗಲಾಟೆ. ಟಾರು ಮುಗಿದು ಮಣ್ಣು ರಸ್ತೆ ಶುರುವಾಯಿತು. ಗಿರಿಜ ಗೇರು ಇಳಿಸಿದಳು. ಅವಳ ಕಣ್ಣು ರಸ್ತೆಗಿಂತ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮೇಲೆಯೇ ಹೆಚ್ಚು. "ಮುಂದೆ ನೋಡು, ಮುಳ್ಳನ್ನ ನಾನು ನೋಡ್ಕಳ್ತೀನಿ" ಎಂದೆ. ಮುಳ್ಳು ಅರ್ಧಕ್ಕೆ ಬಂದು ನಿಂತಿತ್ತು.

ಏರಿನ ನಡುವಿನ ತಿರುವಿನಲ್ಲಿ ಹಿಂದಿನ ಗಲಾಟೆ ತಟ್ಟನೆ ನಿಂತಿತು. ತಿರುಗಿ ನೋಡಿದರೆ ಮಕ್ಕಳೆಲ್ಲ ಚೀಲ ಬಿಚ್ಚಿ ಒಂದೊಂದು ನೀರಿನ ಬಾಟಲಿ ಕೈಯಲ್ಲಿ ಹಿಡಿದು ಕೂತಿದ್ದರು. ನನಗೆ ತಿಳಿಯಲಿಲ್ಲ. ಗಿರಿಜಳೇ ಹೇಳಿದಳು. ಜೀಪು ಸದಾ ನಿಲ್ಲುತ್ತಿದ್ದ ಜಾಗ ಅದು. ಅದಕ್ಕೆ ಪ್ರತಿ ಮಗುವೂ ತನಗೆ ಕುಡಿಯಲು ಒಂದು, ಗಿರಿಜಕ್ಕನ ಜೀಪಿಗೆ ಒಂದು ಎಂದು ಮನೆಯಿಂದ ಎರಡು ಬಾಟಲಿ ತರುತ್ತಿತ್ತಂತೆ. ವ್ಯಾನು ಗೊತ್ತು ಮಾಡುತ್ತೇವೆ ಎಂದ ತಾಯಂದಿರೇ ಬೆಳಿಗ್ಗೆ ಎದ್ದು ಅದನ್ನೂ ತುಂಬಿ ಕೊಡುತ್ತಿದ್ದರು.

ಜೀಪು ಆ ತಿರುವಿನಲ್ಲಿ ನಿಲ್ಲಲಿಲ್ಲ. ಮಕ್ಕಳು ಬಾಟಲಿ ಹಿಡಿದುಕೊಂಡೇ ಕಿಟಕಿಯಲ್ಲಿ ಇಣುಕಿದರು. ತಿರುವು ದಾಟಿತು, ಏರು ಮುಗಿಯಿತು, ಮೇಲಿನ ಮಟ್ಟಸದ ರಸ್ತೆ ಬಂತು. ಒಂದು ಪುಟ್ಟ ಹುಡುಗಿ ಮುಂದಿನ ಸೀಟಿಗೆ ಬಾಗಿ ಬಾಟಲಿ ಚಾಚಿ, "ಅಕ್ಕಾ, ಇದಕ್ಕೆ ಇವತ್ತು ಬಾಯಾರ್ಲಿಲ್ವಾ?" ಎಂದು ಕೇಳಿದಳು.

ಗಿರಿಜ ಮುಳ್ಳನ್ನು ಒಮ್ಮೆ ನೋಡಿದಳು. ಜೀಪನ್ನು ಪಕ್ಕಕ್ಕೆ ನಿಲ್ಲಿಸಿ, ಹುಡುಗಿಯ ಕೈಯಿಂದ ಬಾಟಲಿ ತೆಗೆದುಕೊಂಡು ಮುಚ್ಚಳ ತಿರುಗಿಸಿ, ಅಷ್ಟನ್ನೂ ತಾನೇ ಗಟಗಟ ಕುಡಿದಳು.